‘ಮತ್ತೆ ಬನ್ನಿ’ ಎಂದು ನಿರ್ದೇಶಕರನ್ನು ಕೇಳಬೇಕೇ?

ಹತ್ತು ವರ್ಷ, ಇಪ್ಪತ್ತು ವರ್ಷ ಸಿನಿಮಾ ಮಾಡದೆ ಸುಮ್ಮನಿರುವ ನಿರ್ದೇಶಕರು ಎಲ್ಲ ಭಾಷೆಗಳಲ್ಲೂ ಇದ್ದಾರೆ. ಅವರ ಮುಂದಿನ ಚಿತ್ರಕ್ಕಾಗಿ ದಾರಿ ಕಾಯುವವರೂ ಇದ್ದಾರೆ. ಹಾಗೆ ಕಾಯುವುದು, ‘ಮತ್ತೆ ಬನ್ನಿ’ ಎಂದು ಬಾಯಿಬಿಟ್ಟು ಕೇಳುವುದು, ಕೇಳುತ್ತಲೇ ಇರುವುದು ಸರಿಯೇ? ಒಂದೇ ಪ್ರಶ್ನೆಗೆ ಎರಡು ನಿಲುವು ಇಲ್ಲಿವೆ.

ಪರ: ಕೇಳುವುದನ್ನು ನಿಲ್ಲಿಸಬಾರದು

ಐವತ್ತು ದಾಟಿದ ಹೆಂಗಸೊಬ್ಬಳು ವೃದ್ಧಾಶ್ರಮದ ಸಣ್ಣ ಕೋಣೆಯಲ್ಲಿ ತಂದೆಯ ಮುಂದಿದ್ದಾಳೆ. ಅವನಿಗೆ ನೆನಪು ಪೂರ್ತಿ ಅಳಿಸಿಹೋಗಿದೆ. ಎದುರಿಗಿರುವವಳು ಮಗಳೆಂದು ಗೊತ್ತಾಗುತ್ತಿಲ್ಲ. ಅವಳು ಕಣ್ಣು ಮುಚ್ಚಿ, ತನಗೆ ತಾನೇ ಹೇಳಿಕೊಂಡಂತೆ ‘ನಾನು ಆನಾ’ ಎನ್ನುತ್ತಾಳೆ. 2023ರಲ್ಲಿ ಬಂದ ‘ಕ್ಲೋಸ್ ಯುವರ್ ಐಸ್’ ಚಿತ್ರದ ದೃಶ್ಯ ಇದು. ನಿರ್ದೇಶಕರು ಸ್ಪೇನಿನ ವಿಕ್ತೋರ್ ಎರಿಸೆ. ನಟಿ ಆನಾ ತೊರೆಂತ್. ಇದೇ ಆನಾ ಪುಟ್ಟ ಹುಡುಗಿಯಾಗಿದ್ದಾಗ, ಎರಿಸೆಯವರ 1973ರ ‘ದಿ ಸ್ಪಿರಿಟ್ ಆಫ್ ದಿ ಬೀಹೈವ್’ ಚಿತ್ರದಲ್ಲಿ ಹೀಗೆಯೇ ಕಣ್ಣು ಮುಚ್ಚಿ ಇದೇ ಎರಡು ಪದ ಹೇಳಿದ್ದಳು. ಆಗ ಕರೆದದ್ದು ಕಣ್ಣಿಗೆ ಕಾಣದ ಒಂದು ಆತ್ಮವನ್ನು, ಈಗ ಕಣ್ಣೆದುರಿಗೇ ಇರುವ ಅಪ್ಪನನ್ನು. ನಡುವೆ 50 ವರ್ಷ ಕಳೆದಿದೆ.

ಈ ದೃಶ್ಯವನ್ನು ಹೊಸಬರು ಯಾರೂ ತೆಗೆಯಲಾರರು. ಪ್ರತಿಭೆ ಸಾಲದು ಎಂದಲ್ಲ. ಆ ಮುಖದ ಮೇಲೆ ಅಷ್ಟು ವರ್ಷ ಹಾದುಹೋಗಿರಬೇಕು, ಕ್ಯಾಮೆರಾ ಹಿಂದೆ ನಿಂತವರೂ ಅಷ್ಟು ವರ್ಷ ಬದುಕಿ ಬಂದಿರಬೇಕು. ಎರಿಸೆಯವರ ಹಿಂದಿನ ಪೂರ್ಣಪ್ರಮಾಣದ ಚಿತ್ರ ಬಂದದ್ದು 1992ರಲ್ಲಿ. 31 ವರ್ಷಗಳ ಮೇಲೆ, ತಮ್ಮ 82ನೆಯ ವಯಸ್ಸಿನಲ್ಲಿ ಅವರು ಮತ್ತೆ ಬಂದರು. ಅಷ್ಟು ವರ್ಷ ಅವರ ಹೆಸರನ್ನು ಬಾಯಲ್ಲಿಟ್ಟುಕೊಂಡು, ಮೂರೇ ಮೂರು ಚಿತ್ರಗಳನ್ನು ಮತ್ತೆ ಮತ್ತೆ ನೋಡಿ, ‘ಅವರು ಇನ್ನೂ ಮಾಡುತ್ತಾರೆ’ ಎಂದು ಹಟ ಹಿಡಿದು ನಂಬಿದವರಿಗೆ ಸಿಕ್ಕ ಚಿತ್ರ ಅದು.

ನಿರ್ದೇಶಕರ ಮೌನವನ್ನು ಕವಿಯ ಮೌನದ ಜೊತೆ ಸೇರಿಸಿ ನೋಡುವುದೇ ತಪ್ಪು ಎಂದು ನನಗನ್ನಿಸುತ್ತದೆ. ಕವಿ ಬರೆಯುವುದನ್ನು ನಿಲ್ಲಿಸಿದರೆ ಒಳಗಿನ ಸೆಲೆ ಬತ್ತಿತೇನೋ ಎಂದುಕೊಳ್ಳಬಹುದು. ಕಾಗದ, ಪೆನ್ನು ಅವರ ಕೈಯಳತೆಯಲ್ಲೇ ಇರುತ್ತವೆ. ಸಿನಿಮಾ ಹಾಗಲ್ಲ. ಸ್ಕ್ರಿಪ್ಟ್ ಮೇಜಿನ ಮೇಲೆ ಸಿದ್ಧವಾಗಿದ್ದರೂ ನಿರ್ಮಾಪಕರು ಬೇಕು, ಕಲಾವಿದರ ಡೇಟ್ಸ್ ಬೇಕು, ಛಾಯಾಗ್ರಾಹಕರಿಂದ ಹಿಡಿದು ಲೈಟ್‌ಬಾಯ್‌ವರೆಗೆ ಒಂದು ಯೂನಿಟ್ ಬೇಕು, ಆಮೇಲೆ ಅದನ್ನು ಥಿಯೇಟರಿಗೆ ತಲುಪಿಸುವ ವಿತರಕರು ಬೇಕು. ಇವರಲ್ಲಿ ಒಬ್ಬರು ಕೈಕೊಟ್ಟರೂ ಚಿತ್ರ ನಿಂತುಹೋಗುತ್ತದೆ. ಹೊರಗಿನವರ ಕಣ್ಣಿಗೆ ಮಾತ್ರ ‘ಯಾಕೋ ಅವರು ಗ್ಯಾಪ್ ತೆಗೆದುಕೊಂಡರು’ ಎಂದು ಕಾಣುತ್ತದೆ.

ಎರಿಸೆಯವರನ್ನೇ ನೋಡಿ. 1983ರ ‘ಎಲ್ ಸುರ್’ ಎಂದರೆ ‘ದಕ್ಷಿಣ’. ಶೂಟಿಂಗ್ ನಡೆಯುತ್ತಿರುವಾಗಲೇ ನಿರ್ಮಾಪಕರು ಅದನ್ನು ಅರ್ಧಕ್ಕೆ ನಿಲ್ಲಿಸಿಬಿಟ್ಟರು. ಕಥೆಯ ಹುಡುಗಿ ತನ್ನ ತಂದೆ ಹುಟ್ಟಿ ಬೆಳೆದ ದಕ್ಷಿಣಕ್ಕೆ ಹೊರಡಲು ಪೆಟ್ಟಿಗೆ ತುಂಬುತ್ತಾಳೆ. ಚಿತ್ರ ಅಲ್ಲಿಗೇ ಮುಗಿಯುತ್ತದೆ. ಹೆಸರಿನಲ್ಲಿರುವ ದಕ್ಷಿಣ ತೆರೆಯ ಮೇಲೆ ಬರುವುದೇ ಇಲ್ಲ. ನೋಡಿದವರು ಅದನ್ನು ಮೇರುಕೃತಿ ಎಂದರು. ಎರಿಸೆಯವರ ಪಾಲಿಗೆ ಅದು ಪೂರ್ತಿಯಾಗದ ಚಿತ್ರವಾಗಿಯೇ ಉಳಿಯಿತು. ಮುಂದೆ ಹ್ವಾನ್ ಮಾರ್ಸೆಯವರ ಕಾದಂಬರಿಯೊಂದಕ್ಕೆ ವರ್ಷಗಟ್ಟಲೆ ಕೂತು ಚಿತ್ರಕಥೆ ಬರೆದರು. ಅದೂ ಕೈತಪ್ಪಿತು. ಅದೇ ಕಾದಂಬರಿ 2002ರಲ್ಲಿ ಬೇರೊಬ್ಬ ನಿರ್ದೇಶಕರ ಚಿತ್ರವಾಗಿ ಬಂತು. ಇದನ್ನು ವಿರಾಮ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಜಪಾನಿನ ಅಕಿರಾ ಕುರೊಸಾವಾ ಅವರ ಕಥೆ ಇನ್ನೂ ಕಹಿಯಾದದ್ದು. 1970ರಲ್ಲಿ ಅವರ ಚಿತ್ರವೊಂದು ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಮರುವರ್ಷದ ಡಿಸೆಂಬರಿನಲ್ಲಿ ಅವರು ಸಾಯಲು ಪ್ರಯತ್ನಿಸಿದರು. ತಮ್ಮ ನೆಲದಲ್ಲಿ ಹಣ ಹಾಕುವವರಿಲ್ಲದಾಗ ಅವರನ್ನು ಕರೆದದ್ದು ಸೋವಿಯತ್ ಒಕ್ಕೂಟದ ಮಾಸ್‌ಫಿಲ್ಮ್ ಸ್ಟುಡಿಯೋ. ಅಲ್ಲಿ ಮಾಡಿದ ‘ದೆರ್ಸು ಉಜಾಲಾ’ (1975) ಆಸ್ಕರ್ ಗೆದ್ದಿತು. ಆಮೇಲೂ ಕಷ್ಟ ತಪ್ಪಲಿಲ್ಲ. ‘ಕಾಗೆಮುಷಾ’ ತೆರೆಗೆ ಬರುವ ಭರವಸೆಯೇ ಇಲ್ಲದ ದಿನಗಳಲ್ಲಿ ಅವರು ಅದರ ದೃಶ್ಯಗಳನ್ನು ಬಣ್ಣದಲ್ಲಿ ಬರೆಯತೊಡಗಿದರು. ಒಂದಲ್ಲ ಎರಡಲ್ಲ, ನೂರಾರು. ಚಿತ್ರ ಆಗದಿದ್ದರೆ ಕಾಗದದ ಮೇಲಾದರೂ ಇರಲಿ ಎಂದು. ಕುದುರೆಗಳು, ಬಾವುಟಗಳು, ಕೆಂಪು ಆಕಾಶ ಎಲ್ಲವನ್ನೂ ಎಪ್ಪತ್ತರ ಹತ್ತಿರದ ಆ ಮನುಷ್ಯ ಒಬ್ಬರೇ ಕೂತು ಬಿಡಿಸುತ್ತಿದ್ದರು ಎಂದು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆ ಚಿತ್ರವನ್ನು ಉಳಿಸಿದವರು ಅವರ ಅಭಿಮಾನಿಗಳಾದ ಇಬ್ಬರು ಹಾಲಿವುಡ್ ನಿರ್ದೇಶಕರು: ಜಾರ್ಜ್ ಲ್ಯೂಕಸ್ ಮತ್ತು ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಕಂಪನಿಯವರನ್ನು ಒಪ್ಪಿಸಿ, ಜಪಾನಿನ ಹೊರಗಿನ ಹಕ್ಕುಗಳಿಗಾಗಿ ಹಣ ಹಾಕಿಸಿದರು. 1980ರಲ್ಲಿ ‘ಕಾಗೆಮುಷಾ’ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಹಂಚಿಕೊಂಡಿತು. ಐದು ವರ್ಷದ ನಂತರ ‘ರಾನ್’ ಬಂತು. ಇವರಿಬ್ಬರೂ ‘ಗುರುಗಳ ಮೌನವನ್ನು ಗೌರವಿಸೋಣ’ ಎಂದು ದೂರ ನಿಂತಿದ್ದರೆ ಜಗತ್ತಿಗೆ ಉಳಿಯುತ್ತಿದ್ದದ್ದು ಒಂದು ಕಟ್ಟು ವರ್ಣಚಿತ್ರ.

ಲ್ಯೂಕಸ್, ಕೊಪ್ಪೊಲಾ ಅವರಷ್ಟು ತೂಕ ನಮಗೆಲ್ಲಿದೆ ಎನ್ನಬಹುದು. ಹಾಗಾದರೆ ಜಾನ್ ಅಬ್ರಹಾಂ ಅವರನ್ನು ನೆನೆಯಿರಿ. ಮಲಯಾಳದ ಈ ನಿರ್ದೇಶಕರ ಚಿತ್ರ 1979ರ ನಂತರ ಬಂದಿರಲಿಲ್ಲ. ಸಾಮಾನ್ಯ ನಿರ್ಮಾಪಕರಿಗೆ ಒಗ್ಗುವ ಜೀವವೂ ಅದಲ್ಲ. 1984ರಲ್ಲಿ ಅವರೂ ಗೆಳೆಯರೂ ಸೇರಿ ಒಡೆಸ್ಸಾ ಎಂಬ ಕೂಟ ಕಟ್ಟಿದರು. ಊರೂರಿಗೆ ಹೋಗಿ ಒಳ್ಳೆಯ ಚಿತ್ರಗಳನ್ನು ತೋರಿಸುವುದು, ನೋಡಲು ಬಂದವರಿಂದ ಕೈಲಾದಷ್ಟು ಕಾಸು ಕೂಡಿಸುವುದು ಅವರ ಕೆಲಸ. 1986ರ ‘ಅಮ್ಮ ಅರಿಯಾನ್’ ಆದದ್ದು ಹೀಗೆ ಜನರ ಹಣದಿಂದ. ಮರುವರ್ಷವೇ ಜಾನ್ ತೀರಿಕೊಂಡರು. ಕಾಸು ಕೊಟ್ಟವರು ತಡಮಾಡಿದ್ದರೆ ಆ ಚಿತ್ರ ಇರುತ್ತಲೇ ಇರಲಿಲ್ಲ. ಕೇಳುವುದೆಂದರೆ ನನ್ನ ಅರ್ಥದಲ್ಲಿ ಇದು. ಬೇಡಿಕೆ ಇದೆ, ನೋಡುವ ಜನ ಇದ್ದಾರೆ ಎಂದು ಹಣ ಹಾಕುವವರ ಕಿವಿಗೆ ಬೀಳುವಂತೆ ಹೇಳುತ್ತಲೇ ಇರುವುದು.

ಮಹಿಳಾ ನಿರ್ದೇಶಕರ ವಿಷಯದಲ್ಲಂತೂ ಸುಮ್ಮನಿರುವುದು ಅನ್ಯಾಯಕ್ಕೆ ತಲೆಯಾಡಿಸಿದಂತೆ. ಎಲೇನ್ ಮೇ ಅವರ ‘ಇಷ್ಟಾರ್’ 1987ರಲ್ಲಿ ದೊಡ್ಡ ನಷ್ಟ ಮಾಡಿತು. ಆಮೇಲೆ ಅವರಿಂದ ಒಂದೂ ಕಥಾಚಿತ್ರ ಬರಲಿಲ್ಲ. ಅಂಥದ್ದೇ ನಷ್ಟ ಮಾಡಿದ ಗಂಡಸರಿಗೆ ಎರಡನೆಯ, ಮೂರನೆಯ ಅವಕಾಶ ಸಿಕ್ಕಿದ್ದನ್ನು ಹಾಲಿವುಡ್ ಚರಿತ್ರೆ ಬಲ್ಲ ಯಾರಾದರೂ ಹೇಳುತ್ತಾರೆ. ಜೂಲಿ ಡ್ಯಾಶ್ 1991ರಲ್ಲಿ ‘ಡಾಟರ್ಸ್ ಆಫ್ ದಿ ಡಸ್ಟ್’ ಮಾಡಿದರು. ಕಪ್ಪು ಅಮೆರಿಕನ್ ಮಹಿಳೆಯೊಬ್ಬರ ಪೂರ್ಣಚಿತ್ರ ಆ ದೇಶದ ಥಿಯೇಟರುಗಳಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದದ್ದು ಅದೇ ಮೊದಲು. ಅಂಥ ಚರಿತ್ರೆ ಬರೆದವರು ಮುಂದಿನ ವರ್ಷಗಳಲ್ಲಿ ಟಿವಿಗೆ ಕೆಲಸ ಮಾಡಬೇಕಾಯಿತು. ಇವರ ಗ್ಯಾಪನ್ನು ಧ್ಯಾನ, ತಪಸ್ಸು ಎಂದು ಹಾಡಿಹೊಗಳುವುದು ಬೇಡ.

‘ಮರಳಿ ಬಂದು ಕೆಟ್ಟ ಚಿತ್ರ ಮಾಡಿದರೆ?’ ಎಂಬ ಅಂಜಿಕೆ ಇದ್ದೇ ಇದೆ. ಮಾಡಲಿ. ಕೊಪ್ಪೊಲಾ ಹದಿಮೂರು ವರ್ಷದ ಬಿಡುವಿನ ಮೇಲೆ 2024ರಲ್ಲಿ ‘ಮೆಗಲಾಪೊಲಿಸ್’ ತಂದರು. ಸುಮಾರು 12 ಕೋಟಿ ಡಾಲರ್ ಸ್ವಂತ ಹಣ ಹಾಕಿ ಕೈಸುಟ್ಟುಕೊಂಡರು. ಅದರಿಂದ 1972ರ ‘ಗಾಡ್‌ಫಾದರ್’ನ ಒಂದು ಫ್ರೇಮೂ ಮಾಸಲಿಲ್ಲ. ದಶಕಗಳಿಂದ ತಲೆಯಲ್ಲಿ ಹೊತ್ತು ತಿರುಗಿದ್ದನ್ನು ಅವರು ಇಳಿಸಿಟ್ಟರು. ಹಳೆಯ ಚಿತ್ರದ ಹೊಳಪು ಕೆಡದಿರಲಿ ಎಂದು ಮನುಷ್ಯನನ್ನೇ ಗಾಜಿನ ಕಪಾಟಿನಲ್ಲಿ ಇಡಲಾದೀತೇ?

ಕೊನೆಗೆ ಇಟಲಿಯ ನಿರ್ದೇಶಕ ಮೈಕೆಲೇಂಜೆಲೊ ಆಂತೊನಿಯೊನಿ. 1985ರಲ್ಲಿ ಪಾರ್ಶ್ವವಾಯು ಬಡಿದು ಅವರ ಮಾತು ನಿಂತುಹೋಯಿತು. ನಿರ್ದೇಶಕರೆಂದರೆ ದಿನವಿಡೀ ಹೇಳುತ್ತಿರಬೇಕಾದವರು. ನಟರಿಗೆ ಹೇಳಬೇಕು, ಕ್ಯಾಮೆರಾಗೆ ಹೇಳಬೇಕು, ಬೆಳಕಿನವರಿಗೆ ಹೇಳಬೇಕು. ಮಾತೇ ಇಲ್ಲದವರಿಗೆ ಚಿತ್ರ ಕೊಡುವವರಾರು? ಆದರೂ 1995ರಲ್ಲಿ ‘ಬಿಯಾಂಡ್ ದಿ ಕ್ಲೌಡ್ಸ್’ ಬಂತು. ಪಕ್ಕದಲ್ಲಿ ಇನ್ನೊಬ್ಬ ನಿರ್ದೇಶಕರಿದ್ದರೆ ಮಾತ್ರ ಎಂಬ ಷರತ್ತಿತ್ತು. ಅಷ್ಟರಲ್ಲಾಗಲೇ ಜಗತ್ಪ್ರಸಿದ್ಧರಾಗಿದ್ದ ವಿಮ್ ವೆಂಡರ್ಸ್ ತಮ್ಮ ಕೆಲಸ ಬದಿಗಿಟ್ಟು ಬಂದು ನಿಂತರು. ಆಂತೊನಿಯೊನಿ ಎಡಗೈಯಲ್ಲಿ ಗೆರೆ ಎಳೆದು ಶಾಟ್ ತೋರಿಸಿದರು, ಸನ್ನೆ ಮಾಡಿದರು, ಪತ್ನಿ ಎನ್ರಿಕಾ ಆ ಸನ್ನೆಯನ್ನು ಮಾತಾಗಿಸಿದರು. ಬೇಡವೆಂದರೆ ತಲೆ ಅಡ್ಡ ಆಡುತ್ತಿತ್ತು. ಸುತ್ತಲಿನವರು ಮತ್ತೆ ಲೈಟು ಸರಿಸುತ್ತಿದ್ದರು.

ವಿರೋಧ: ‘ಮುಗಿಯಿತು’ ಎಂದವರ ಮಾತನ್ನೂ ಕೇಳಿಸಿಕೊಳ್ಳೋಣ

ಮೇಲಿನ ಬರಹದ ಅರ್ಧಕ್ಕೆ ನನ್ನ ತಕರಾರಿಲ್ಲ. ದುಡ್ಡಿಲ್ಲದೆ ನಿಂತವರಿಗೆ ದುಡ್ಡು ಸಿಗಲಿ, ಮುಚ್ಚಿದ ಬಾಗಿಲು ತೆರೆಯಲಿ. ಇದಕ್ಕೆ ಬೇಡ ಎನ್ನುವವರಾರು? ಆದರೆ ಅಭಿಮಾನಿಗಳು ಕೇಳುವಾಗ ಈ ಭೇದ ಮಾಡುವುದೇ ಇಲ್ಲ. ಅವಕಾಶ ಸಿಗದವರು, ದಣಿದವರು, ಹೇಳಬೇಕಾದದ್ದನ್ನು ಹೇಳಿ ಮುಗಿಸಿದವರು, ಬೇರೆ ಬದುಕು ಕಂಡುಕೊಂಡವರು, ಎಲ್ಲರ ಮುಂದೆಯೂ ಒಂದೇ ಪ್ರಶ್ನೆ: ‘ಮುಂದಿನ ಚಿತ್ರ ಯಾವಾಗ?’

ಹಂಗೇರಿಯ ಬೆಲಾ ತಾರ್ 2011ರಲ್ಲಿ ‘ದಿ ಟ್ಯೂರಿನ್ ಹಾರ್ಸ್’ ಮಾಡಿದರು. ಇದೇ ನನ್ನ ಕೊನೆಯ ಚಿತ್ರ ಎಂದು ತಾವೇ ಹೇಳಿದರು. ಸುಮಾರು ಎರಡೂವರೆ ಗಂಟೆಯ ಆ ಚಿತ್ರದಲ್ಲಿ ಇರುವುದು 30 ಶಾಟ್. ಗಾಳಿ ಬೀಸುತ್ತಲೇ ಇರುವ ಬಯಲಿನ ಒಂದು ಮನೆ, ಅಪ್ಪ, ಮಗಳು, ಒಂದು ಕುದುರೆ. ಬೇಯಿಸಿದ ಆಲೂಗಡ್ಡೆಯನ್ನು ಅಪ್ಪ ಬರಿಗೈಯಲ್ಲಿ, ಬೆರಳು ಸುಡುತ್ತಿದ್ದರೂ, ಸುಲಿದು ತಿನ್ನುತ್ತಾನೆ. ದಿನ ಕಳೆದಂತೆ ಕುದುರೆ ಮೇವು ಬಿಡುತ್ತದೆ, ಬಾವಿ ಬತ್ತುತ್ತದೆ, ಕಡೆಗೆ ಎಣ್ಣೆ ಇದ್ದರೂ ದೀಪ ಹೊತ್ತುವುದಿಲ್ಲ. ಹಸಿ ಆಲೂಗಡ್ಡೆಯ ಮುಂದೆ ಇಬ್ಬರೂ ಕತ್ತಲಲ್ಲಿ ಕೂತಿರುತ್ತಾರೆ. ದೀಪವೇ ಹೊತ್ತದ ಕತ್ತಲೆಗೆ ಬಂದು ನಿಂತ ಮನುಷ್ಯನನ್ನು ‘ಇದಾದ ಮೇಲೆ ಏನು?’ ಎಂದು ಕೇಳುವುದು ಹೇಗೆ? ಆ ಚಿತ್ರವನ್ನು ನಿಜವಾಗಿ ನೋಡಿದವರಿಗೆ ಉತ್ತರ ಅದರೊಳಗೇ ಇದೆ. ತಾರ್ ಮುಂದೆ ಸರಾಯೆವೊದಲ್ಲಿ ಸಿನಿಮಾ ಶಾಲೆ ಕಟ್ಟಿದರು, ಹೊಸಬರಿಗೆ ಕಲಿಸಿದರು. ಅದನ್ನು ನಾವು ‘ಗ್ಯಾಪ್’ ಎಂದು ಎಣಿಸುತ್ತೇವೆ.

ಜಪಾನಿನ ಅನಿಮೇಶನ್ ನಿರ್ದೇಶಕ ಹಯಾವೊ ಮಿಯಾಝಾಕಿ 2013ರಲ್ಲಿ ನಿವೃತ್ತಿ ಘೋಷಿಸಿ ಮತ್ತೆ ಬಂದದ್ದನ್ನು ಯಾರಾದರೂ ಎತ್ತಬಹುದು. ಬಂದರು ನಿಜ. 2023ರ ಆ ಚಿತ್ರವನ್ನು ಜಪಾನಿನಲ್ಲಿ ಟ್ರೇಲರ್ ಇಲ್ಲದೆ, ಜಾಹೀರಾತಿಲ್ಲದೆ, ಒಂದು ಪೋಸ್ಟರ್ ಮಾತ್ರ ಹಾಕಿ ಬಿಡುಗಡೆ ಮಾಡಿದರು. ಕೈ ಸುಮ್ಮನಿರಲಾರದೆ ಬಂದವರು ಅವರು. ಅಂಥವರು ನಾವು ಕೇಳಿದರೂ ಬರುತ್ತಾರೆ, ಕೇಳದಿದ್ದರೂ ಬರುತ್ತಾರೆ.

ನನ್ನ ನಿಜವಾದ ತಕರಾರು ಬೇರೆ. ‘ಮತ್ತೆ ಬನ್ನಿ’ ಎನ್ನುವಾಗ ನಾವು ಕರೆಯುತ್ತಿರುವುದು ಯಾರನ್ನು? ಅಮೆರಿಕದ ಟೆರೆನ್ಸ್ ಮಲಿಕ್ 1978ರ ‘ಡೇಸ್ ಆಫ್ ಹೆವನ್’ ನಂತರ 20 ವರ್ಷ ಚಿತ್ರ ಮಾಡಲಿಲ್ಲ. 1998ರಲ್ಲಿ ಯುದ್ಧದ ಚಿತ್ರದೊಂದಿಗೆ ಬಂದಾಗ ಹಬ್ಬವೇ ಆಯಿತು. 2011ರ ‘ಟ್ರೀ ಆಫ್ ಲೈಫ್’ವರೆಗೂ ಹಬ್ಬ ನಡೆಯಿತು. ಆಮೇಲೆ ಅವರು ಒಂದರ ಹಿಂದೆ ಒಂದು ಚಿತ್ರ ಮಾಡತೊಡಗಿದರು. ಕಥೆ ಕರಗಿತು, ಸ್ಕ್ರಿಪ್ಟ್ ಸಡಿಲವಾಯಿತು, ಪಿಸುಮಾತು ಮತ್ತು ಚಲಿಸುವ ಕ್ಯಾಮೆರಾ ಉಳಿದವು. ಎಪ್ಪತ್ತರ ಹರೆಯದ ಮನುಷ್ಯ ಹೊಸ ದಾರಿ ಹುಡುಕುತ್ತಿದ್ದರು. ಕಾದು ಕೂತಿದ್ದವರಲ್ಲೇ ಎಷ್ಟೋ ಜನ ಆಗ ಬೇಸರಪಟ್ಟು ಎದ್ದುಹೋದರು. ಅವರಿಗೆ ಬೇಕಿದ್ದದ್ದು 1978ರ ಮಲಿಕ್. ಆ ಗೋಧಿ ಹೊಲ, ಆ ಸಂಜೆ ಬೆಳಕು. ನಿಜ ಹೇಳಬೇಕೆಂದರೆ, ಅದನ್ನು ಮೊದಲ ಸಲ ನೋಡಿದಾಗಿನ ತಮ್ಮದೇ ವಯಸ್ಸು.

ನಮ್ಮಲ್ಲೂ ಇದನ್ನು ಕಂಡಿದ್ದೇವೆ. 1998ರ ‘ಎ’, 1999ರ ‘ಉಪೇಂದ್ರ’ ನೋಡಿ ಬೆಚ್ಚಿಬಿದ್ದ ತಲೆಮಾರು ‘ನಿರ್ದೇಶಕ ಉಪೇಂದ್ರ’ ಬರಲಿ ಎಂದು ವರ್ಷಗಟ್ಟಲೆ ಕಾಯಿತು. ನಟ ಉಪೇಂದ್ರ ಕಣ್ಣೆದುರಿಗೇ ಇದ್ದರು, ಆದರೂ ಕಾಯಿತು. 2010ರಲ್ಲಿ, 2015ರಲ್ಲಿ, ಮತ್ತೆ 2024ರ ‘ಯುಐ’ನಲ್ಲಿ ಅವರು ಬಂದಾಗಲೆಲ್ಲ ಮೊದಲ ಆಟ ಮುಗಿಸಿ ಹೊರಬಂದವರ ಮೊದಲ ಮಾತು ‘ಎ ತರ ಇದೆಯಾ, ಇಲ್ಲವಾ’ ಎಂಬುದೇ. ಹೊಸ ಚಿತ್ರ ಏನು ಹೇಳುತ್ತಿದೆ ಎಂಬ ಮಾತು ಆಮೇಲೆ ಬರುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ. ಮೂವತ್ತರ ಯುವಕನ ಕೋಪವನ್ನು ಐವತ್ತು ದಾಟಿದವರಿಂದ ಕೇಳುವುದು ಯಾವ ನ್ಯಾಯ? ಪರ ಬರೆದವರು ಕೆಟ್ಟ ಚಿತ್ರವಾದರೂ ಮಾಡಲಿ ಎನ್ನುತ್ತಾರೆ. ಕೆಟ್ಟದ್ದಿರಲಿ, ಬೇರೆ ಥರದ ಚಿತ್ರವನ್ನೂ ನಾವು ಸಹಿಸುವುದಿಲ್ಲ.

ದೇಹದ ಮಾತನ್ನೂ ಆಡಬೇಕು. ಕುರ್ಚಿಯಲ್ಲಿ ಕೂತು ‘ಆಕ್ಷನ್’, ‘ಕಟ್’ ಹೇಳುವುದೇ ನಿರ್ದೇಶನ ಎಂದುಕೊಂಡವರಿಗೆ ಶೂಟಿಂಗ್ ದಿನ ಹೇಗಿರುತ್ತದೆ ಗೊತ್ತಿಲ್ಲ. ನಸುಕಿಗೆ ಎದ್ದು, ಬಿಸಿಲಲ್ಲಿ ಹನ್ನೆರಡು ಗಂಟೆ ನಿಂತು, ನೂರು ಪ್ರಶ್ನೆಗಳಿಗೆ ಉತ್ತರ ಹೇಳಿ, ರಾತ್ರಿ ಮರುದಿನದ ದೃಶ್ಯ ತಿದ್ದಬೇಕು. ಇದು ತಿಂಗಳುಗಟ್ಟಲೆ ನಡೆಯಬೇಕು. ರಾಬರ್ಟ್ ಆಲ್ಟ್‌ಮನ್ ತಮ್ಮ ಕೊನೆಯ ಚಿತ್ರ ಮಾಡುವಾಗ ವಯಸ್ಸು 80. ವಿಮೆಗಾಗಿ ಪಾಲ್ ಥಾಮಸ್ ಆಂಡರ್ಸನ್ ಬದಲಿ ನಿರ್ದೇಶಕರಾಗಿ ಸೆಟ್ಟಿನಲ್ಲಿರಬೇಕಾಯಿತು. ಸತ್ಯಜಿತ್ ರಾಯ್ ಅವರಿಗೆ 1983ರಲ್ಲಿ ಹೃದಯಾಘಾತವಾಯಿತು. 1989ರ ‘ಗಣಶತ್ರು’ ಹೊತ್ತಿಗೆ ವೈದ್ಯರ ಕಟ್ಟಪ್ಪಣೆಯಂತೆ ಸ್ಟುಡಿಯೋದ ನಾಲ್ಕು ಗೋಡೆಯೊಳಗೇ ಚಿತ್ರ ತೆಗೆಯಬೇಕಾಯಿತು. ಬಿಳಿ ಹೂಬಿಟ್ಟ ಹುಲ್ಲಿನ ಬಯಲಲ್ಲಿ ಅಕ್ಕತಮ್ಮನನ್ನು ಓಡಿಸಿ ರೈಲು ತೋರಿಸಿದ ಮನುಷ್ಯ ಅವರು. ಎರಡು ವರ್ಷದ ನಂತರದ ‘ಆಗಂತುಕ’ ನನಗೂ ಬಲು ಇಷ್ಟ. ಆದರೆ ಅದಕ್ಕಾಗಿ ಅವರು ತೆತ್ತದ್ದನ್ನು ಲೆಕ್ಕಕ್ಕೆ ಹಿಡಿಯದೆ ಇರಲಾರೆ. ತೆರಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವರು ಅವರೊಬ್ಬರೇ.

ಡೇವಿಡ್ ಲಿಂಚ್ 2006ರ ನಂತರ ಪೂರ್ಣಪ್ರಮಾಣದ ಸಿನಿಮಾ ಮಾಡಿರಲಿಲ್ಲ. 2017ರಲ್ಲಿ 18 ಕಂತುಗಳ ಸರಣಿ ಮಾಡಿದರು. 2024ರಲ್ಲಿ, ತಮಗೆ ಎಂಫಿಸೀಮಾ ಎಂಬ ಶ್ವಾಸಕೋಶದ ಕಾಯಿಲೆ ಇದೆ, ಮನೆಬಿಟ್ಟು ಹೊರಗೆ ಹೋಗಲಾಗುತ್ತಿಲ್ಲ ಎಂದು ತಿಳಿಸಿದರು. ಆ ಸುದ್ದಿ ಓದಿದ ಕೂಡಲೇ ನನ್ನ ತಲೆಗೆ ಬಂದದ್ದು ‘ಹಾಗಾದರೆ ಮುಂದಿನ ಚಿತ್ರ?’ ಎಂಬ ಪ್ರಶ್ನೆ. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುವ ಮುದುಕರ ಬಗ್ಗೆ ನನಗೆ ಮೊದಲು ಹೊಳೆದದ್ದು ಅದು. 2025ರ ಜನವರಿಯಲ್ಲಿ ಅವರು ತೀರಿಕೊಂಡರು. ಈ ಬರಹಕ್ಕೆ ನಾನು ಕೂತದ್ದಕ್ಕೆ ಆ ದಿನವೇ ಕಾರಣ. ಅಭಿಮಾನ ಯಾವ ಹೊತ್ತಿನಲ್ಲಿ ವಸೂಲಿಯಾಯಿತು ಎಂದು ನನಗೆ ತಿಳಿದಿರಲಿಲ್ಲ.

ಇನ್ನು ಈ ‘ಬಿಡುವು’ ಎಂಬ ಲೆಕ್ಕವೇ ಸರಿಯಿಲ್ಲ. ಥಿಯೇಟರಿಗೆ ಬಂದ ಎರಡು ಗಂಟೆಯ ಕಥಾಚಿತ್ರ ಮಾತ್ರ ಕೆಲಸ, ಉಳಿದದ್ದೆಲ್ಲ ಸುಮ್ಮನಿದ್ದದ್ದು ಎಂದು ನಾವೇ ಗೆರೆ ಎಳೆದಿದ್ದೇವೆ. ಗಿರೀಶ ಕಾಸರವಳ್ಳಿಯವರ ‘ಕೂರ್ಮಾವತಾರ’ 2011ರದು, ಮುಂದಿನ ಕಥಾಚಿತ್ರ 2020ರದು. ನಡುವೆ ಒಂಬತ್ತು ವರ್ಷ ಖಾಲಿ ಎಂದು ಬರೆಯುವವರಿದ್ದಾರೆ. ಅದೇ ಅವಧಿಯಲ್ಲಿ ಅವರು ಯು.ಆರ್. ಅನಂತಮೂರ್ತಿಯವರ ಮೇಲೆ, ಅಡೂರ್ ಗೋಪಾಲಕೃಷ್ಣನ್ ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಜೇನ್ ಕ್ಯಾಂಪಿಯನ್ 2009ರಿಂದ 2021ರವರೆಗೆ ‘ಕಾಣೆಯಾಗಿದ್ದರು’ ಎನ್ನುತ್ತಾರೆ. ಆ ನಡುವೆ ಎರಡು ಸೀಸನ್ ಟಿವಿ ಸರಣಿ ಅವರದಿತ್ತು. ಎರಿಸೆಯವರೂ 31 ವರ್ಷ ಕೈಕಟ್ಟಿ ಕೂತಿರಲಿಲ್ಲ. ಕಿರುಚಿತ್ರ ಮಾಡಿದರು, ಇರಾನಿನ ಅಬ್ಬಾಸ್ ಕಿಯರೊಸ್ತಮಿ ಜೊತೆ ವಿಡಿಯೊದಲ್ಲಿ ಪತ್ರ ಬರೆದುಕೊಂಡರು. ಇಬ್ಬರು ದೊಡ್ಡ ನಿರ್ದೇಶಕರು ಒಬ್ಬರಿಗೊಬ್ಬರು ಚಿತ್ರದಲ್ಲೇ ಓಲೆ ಕಳಿಸಿಕೊಳ್ಳುವುದಕ್ಕಿಂತ ಹೆಚ್ಚಿನದೇನು ಬೇಕಿತ್ತು ನಮಗೆ?

ಅದೇ ಎರಿಸೆಯವರ 1992ರ ಚಿತ್ರವನ್ನು ಮೇಲಿನ ಬರಹ ಒಂದು ಸಾಲಿನಲ್ಲಿ ದಾಟಿಹೋಯಿತು. ನನ್ನ ಮಾತೆಲ್ಲ ಇರುವುದು ಅದರಲ್ಲೇ. ಅಂತೋನಿಯೋ ಲೋಪೆಸ್ ಎಂಬ ನಿಜವಾದ ಚಿತ್ರಕಾರರು ತಮ್ಮ ಹಿತ್ತಲಿನ ಕ್ವಿನ್ಸ್ ಗಿಡವನ್ನು ಬಣ್ಣದಲ್ಲಿ ಬರೆಯಲು ತೊಡಗುತ್ತಾರೆ. ಶರತ್ಕಾಲ, ಹಳದಿ ಹಣ್ಣು, ಅದರ ಮೇಲೆ ಬೀಳುವ ಬಿಸಿಲು. ಗಿಡದ ಮುಂದೆ ತೂಗುಗುಂಡು ಇಳಿಬಿಡುತ್ತಾರೆ. ತಮ್ಮ ಪಾದ ಕದಲಬಾರದೆಂದು ನೆಲಕ್ಕೆ ಮೊಳೆ ಹೊಡೆಯುತ್ತಾರೆ. ಎಲೆಗಳ ಮೇಲೆ, ಹಣ್ಣಿನ ಮೇಲೆ ಸಣ್ಣ ಬಿಳಿ ಗೆರೆ ಹಾಕಿಡುತ್ತಾರೆ. ಹಣ್ಣು ದಿನದಿಂದ ದಿನಕ್ಕೆ ತೂಕ ಹೆಚ್ಚಿ ಕೆಳಗಿಳಿಯುತ್ತದೆ. ನಿನ್ನೆಯ ಗೆರೆ ಇಂದು ಕೆಳಗಿದೆ. ಮತ್ತೆ ಗುರುತು, ಮತ್ತೆ ಇಳಿತ. ಮಳೆ ಬರುತ್ತದೆ, ಬಿಸಿಲು ಹೋಗುತ್ತದೆ. ತೈಲಚಿತ್ರವನ್ನು ಅಲ್ಲಿಗೇ ಕೈಬಿಟ್ಟು ಪೆನ್ಸಿಲ್ ಹಿಡಿಯುತ್ತಾರೆ. ಚಳಿಗಾಲಕ್ಕೆ ಅದೂ ಪೂರ್ತಿಯಾಗುವುದಿಲ್ಲ, ಹಣ್ಣು ಉದುರುತ್ತವೆ. ಅವರ ಮುಖದಲ್ಲಿ ಸೋಲಿಲ್ಲ. ಗೆಳೆಯ ಬಂದರೆ ಹಾಡು ಹೇಳುತ್ತಾರೆ, ಗಿಡದ ಜೊತೆ ಇದ್ದದ್ದೇ ಸಾಕು ಎಂಬಂತೆ ಇರುತ್ತಾರೆ. ಇಂಥ ಚಿತ್ರ ಮಾಡಿದ ನಿರ್ದೇಶಕರಿಗೆ ‘ಯಾಕೆ ಇನ್ನೊಂದು ಮುಗಿಸಲಿಲ್ಲ?’ ಎಂದು 31 ವರ್ಷ ಕೇಳಿದೆವು.

ಕೇಳುವ ಹುಮ್ಮಸ್ಸು ಇದ್ದರೆ ಕೇಳಲು ಬೇರೆಯದಿದೆ. ಈಗಾಗಲೇ ಮಾಡಿಟ್ಟ ಚಿತ್ರಗಳು ಎಲ್ಲಿವೆ? ನೆಗೆಟಿವ್ ಯಾರ ಬಳಿ ಇದೆ, ಯಾವ ಗೋದಾಮಿನಲ್ಲಿ ಹುಳಿ ವಾಸನೆ ಹಿಡಿದು ಕರಗುತ್ತಿದೆ? ಮಲಯಾಳದ ನಿರ್ದೇಶಕ ಜಿ. ಅರವಿಂದನ್ 1991ರಲ್ಲೇ ತೀರಿಕೊಂಡವರು. ಅವರನ್ನು ಯಾರೂ ಮತ್ತೆ ಕರೆಯಲಾರರು. ಆದರೆ ಅವರ 1978ರ ‘ತಂಪು’ ಪುನರುಜ್ಜೀವನಗೊಂಡು 2022ರಲ್ಲಿ ಕಾನ್ ಚಿತ್ರೋತ್ಸವದ ತೆರೆ ಏರಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಗೀಚು ಅಳಿಸಿ, ಕುಣಿಯುವ ಫ್ರೇಮು ನಿಲ್ಲಿಸಿ, ಸದ್ದು ತೊಳೆದು ಅದನ್ನು ತಂದರು. ಬೇಡಿಕೆ, ಹಣ, ಊರೂರು ತಿರುಗುವ ಉತ್ಸಾಹ, ಪರ ಬರೆದವರು ಹೇಳಿದ ಅದೆಲ್ಲವೂ ಈ ಕೆಲಸಕ್ಕೂ ಬೇಕು. ಇದರಿಂದ ಯಾರ ಜೀವವನ್ನೂ ಹಿಂಡಿದಂತಾಗುವುದಿಲ್ಲ.

ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ನಾನು ಮೊದಲು ನೋಡಿದ್ದು ತೀರಾ ಮಾಸಿದ ಕಾಪಿಯಲ್ಲಿ. ಕತ್ತಲ ದೃಶ್ಯಗಳಲ್ಲಿ ಯಾರಿದ್ದಾರೆ ಎಂದು ಗೊತ್ತಾಗುತ್ತಿರಲಿಲ್ಲ, ಮಾತು ನೀರಿನೊಳಗಿನಿಂದ ಬಂದಂತೆ ಕೇಳುತ್ತಿತ್ತು. 1977ರ ಆ ಚಿತ್ರ 47 ವರ್ಷದ ಮೇಲೆ, 2024ರಲ್ಲಿ, ಹೊಸದಾಗಿ ತಿದ್ದಿಕೊಂಡು ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು. ತಲೆ ಬೋಳಿಸಿ ಕೂರಿಸಿದ ಯಮುನಕ್ಕನನ್ನು ಬಿಟ್ಟುಹೋಗುವಾಗ ಹುಡುಗ ನಾಣಿ ನೋಡುವ ನೋಟ ನನಗೆ ಆ ದಿನ ಮಸುಕು ಮಸುಕಾಗಿ ಸಿಕ್ಕಿತ್ತು. ಇನ್ನು ಮುಂದೆ ನೋಡುವವರಿಗೆ ಅವನ ಕಣ್ಣು ಸ್ಪಷ್ಟವಾಗಿ ಕಾಣುತ್ತದೆ.